ನಲವತ್ತೊಂದನೆಯ ಹಾರಾಟ

ಫೆಬ್ರವರಿ 4

ಅಪ್ಪ,

ಸತ್ತವರನ್ನು ನೀವು ಬದುಕಿಸಿದ್ದೀರಿ. ಇದು ಮೋಸ. ಇದಕ್ಕೆ ಇನ್ನೂ ಮೆತ್ತನೆಯ ಹೆಸರು ಹುಡುಕಿದೆ, ಸಿಗಲಿಲ್ಲ.

ನೀವು ಅಂಚೆಗೆ ಹಾಕಿದ ಪೆನ್ ಡ್ರೈವ್ ನಿನ್ನೆ ಸಂಜೆ ಬಂತು. ಬೆರಳಿಗೆ ಹತ್ತಿದ ಪ್ರೆಸ್ಸಿನ ಅಂಟು ತೊಳೆಯುವಷ್ಟೂ ತಾಳ್ಮೆ ಇರಲಿಲ್ಲ, ಹಾಗೇ ಕಂಪ್ಯೂಟರಿಗೆ ಚುಚ್ಚಿ ನಮ್ಮ ರಾಕೆಟ್ ಆಟ ತೆರೆದೆ. ಗಗನಯಾತ್ರಿಗಳ ಪಟ್ಟಿಯಲ್ಲಿ ಮೊದಲ ಹೆಸರು: ಬೋಲ್ಟ್. ಎದುರಿಗೆ 'ಹಾರಾಟಕ್ಕೆ ಸಿದ್ಧ' ಎಂದಿತ್ತು. ಹದಿನೈದು ದಿನದ ಹಿಂದೆ ನಲವತ್ತೊಂದನೆಯ ಹಾರಾಟದಲ್ಲಿ ಅದೇ ಬೋಲ್ಟ್ ನನ್ನ ಕಣ್ಣೆದುರೇ ನೆಲಕ್ಕೆ ಅಪ್ಪಳಿಸಿದ್ದರು. ಹಾರಿಸಿದವಳು ನಾನು. ನೋಟ್‌ಬುಕ್ಕಿನಲ್ಲಿ ಹೆಸರಿನ ಮೇಲೆ ಗೀಟು ಎಳೆದವಳೂ ನಾನು. ಆಟದ ಕ್ಯಾಲೆಂಡರ್ ಅವತ್ತು ಮೂರನೆಯ ವರ್ಷದ ನೂರ ಹನ್ನೆರಡನೆಯ ದಿನಕ್ಕೆ ಬಂದಿತ್ತು. ಈಗ ನೂರ ನಾಲ್ಕು ತೋರಿಸುತ್ತಿದೆ. ಅಂದರೆ ನನಗೆ ಗೊತ್ತಿಲ್ಲದ ಹಾಗೆ ಹಳೆಯ ಪ್ರತಿಯೊಂದನ್ನು ಎತ್ತಿಟ್ಟುಕೊಂಡಿದ್ದಿರಿ, ಬೇಕಾದಾಗ ಅದನ್ನು ಹಾಕಿ ಎಂಟು ದಿನ ಅಳಿಸಿಬಿಟ್ಟಿರಿ.

ರಾಕೆಟ್ ಕಟ್ಟುವವರು ನೀವು, ಹಾರಿಸುವವಳು ನಾನು. ಸ್ಪೇಸ್ ಬಾರಿನ ಎಷ್ಟನೆಯ ಒತ್ತಿಗೆ ಏನಾಗುತ್ತದೆ ಎಂದು ನೀವು ಕಾಗದದ ಮೇಲೆ ಬರೆದು ಕಳಿಸಬೇಕು, ನಾನು ಅದರಂತೆಯೇ ಒತ್ತಬೇಕು. ಕೆಟ್ಟರೆ ಹಿಂದಕ್ಕೆ ಹೋಗುವಂತಿಲ್ಲ. ಈ ನಿಯಮ ಮಾಡಿದ್ದು ಬೋಲ್ಟ್ ಚಿಕ್ಕಪ್ಪ. ನಿಮ್ಮ ಕುರ್ಚಿಯ ಹಿಂದೆ ಸ್ಟೂಲ್ ಹಾಕಿಕೊಂಡು, ಶೇಂಗಾ ಸಿಪ್ಪೆಯನ್ನು ಕೀಬೋರ್ಡಿನೊಳಗೆ ಉದುರಿಸುತ್ತಾ ಹೇಳಿದ್ದರು: "ಸತ್ತೋನು ಸತ್ತ, ಅಷ್ಟೇ. ಮತ್ತೆ ಎಬ್ಬಿಸ್ಬಹುದು ಅಂತಾದ್ರೆ ನಿಮ್ಮಪ್ಪ ಒಂದು ನಟ್ಟೂ ಸರಿಯಾಗಿ ಬಿಗಿಯಲ್ಲ."

ನಿಮ್ಮೊಡನೆ ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ. ನವೆಂಬರಿನಲ್ಲಿ ಲಿಫ್ಟಿನ ಗುಂಡಿಯಲ್ಲೇ ಹೋದರು. ಅವರ ಹೆಸರು ಆಟದಲ್ಲಾದರೂ ಹಾರುತ್ತಿರಲಿ ಎಂದು ನೀವೇ ಅಂದಿರಿ, ನಾನೂ ಒಪ್ಪಿದೆ. ಅವರ ಹೆಸರಿಟ್ಟುಕೊಂಡು ಅವರದೇ ನಿಯಮ ಮುರಿಯುವುದಕ್ಕೆ ನಿಮಗೆ ಹೇಗೆ ಮನಸ್ಸು ಬಂತು? ನನಗಂತೂ ಹೇಸಿಗೆಯಾಯಿತು. ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಹಾಳಾದ ಹಾಳೆಗಳ ರಾಶಿಯಿಂದ ಎತ್ತಿಕೊಂಡ ಕಾರ್ಮಿಕ ಸಂಘದ ಕರಪತ್ರವೊಂದರಲ್ಲಿ ಹೀಗಿದೆ: 'ನಡೆದದ್ದನ್ನು ನಡೆದಂತೆ ಒಪ್ಪಿಕೊಳ್ಳದವನು ಮುಂದಿನದನ್ನು ಬದಲಿಸಲಾರ.' ನೀವು ನಗುತ್ತೀರಿ, ಗೊತ್ತು. ನಗಿ.

ಫೋನ್ ಮಾಡಬೇಡಿ. ಫೋನಿನಲ್ಲಿ ನೀವು ಮಾತು ತೇಲಿಸುತ್ತೀರಿ. ಬರೆದು ತಿಳಿಸಿ.

ಇಂತಿ,
ನಿಮ್ಮ ಮಗಳು

*

ಫೆಬ್ರವರಿ 13

ಕರಪತ್ರದ ಮಹಾರಾಣಿಗೆ ಅಪ್ಪನ ಆಶೀರ್ವಾದ.

ಕಾಗದ ತಲುಪಿತು. ನಿಮ್ಮಮ್ಮ ಮೊದಲು ಓದಿ, "ಏನ್ರೀ, ಯಾರನ್ನೋ ಕೊಂದಿದ್ದೀರಂತೆ, ಆಮೇಲೆ ಬದುಕಿಸಿದ್ದೀರಂತೆ, ಮಗಳು ಯಾವುದಕ್ಕೆ ಬೈತಾ ಇದ್ದಾಳೆ?" ಎಂದು ಕೇಳಿದಳು. ಎರಡಕ್ಕೂ ಎಂದೆ.

ಅದೊಂದು ಆಟ ಕಣೇ. ಮಂಡಿ ಹೋದ ಮೇಲೆ ನನಗೆ ಮೆಟ್ಟಿಲು ಹತ್ತುವ ಕೆಲಸ ಕೊಡುವುದಿಲ್ಲ, ಡಿಪೋದಲ್ಲಿ ಕೂರಿಸಿ ಬಿಡಿಭಾಗಗಳ ಲೆಕ್ಕ ಬರೆಸುತ್ತಾರೆ. ಸಂಜೆ ಮನೆಗೆ ಬಂದರೆ ಇರುವುದು ಈ ರಾಕೆಟ್ ಒಂದೇ. ಅದರಲ್ಲೂ ಅವನು ಸತ್ತಿದ್ದಾನೆ ಅಂತ ನೋಡಿಕೊಂಡು ಕೂರಬೇಕೇನು? ಹಳೆಯ ಪ್ರತಿ ಇತ್ತು, ಹಾಕಿದೆ. ಇನ್ನು ಮುಂದೆ ಅವನನ್ನು ಹಾರಿಸುವುದು ಬೇಡ. ನೆಲದ ಮೇಲೇ ಇರಲಿ, ಕೇಂದ್ರದಲ್ಲಿ ಓಡಾಡಿಕೊಂಡಿರಲಿ. ನಿನಗೇನು ನಷ್ಟ?

ಹೊಸ ರಾಕೆಟ್ ಕಳಿಸಿದ್ದೇನೆ. ಕೆಳಗಿನ ಟ್ಯಾಂಕನ್ನು ಸಣ್ಣದು ಮಾಡಿ ಪಕ್ಕಕ್ಕೆ ನಾಲ್ಕು ಕಟ್ಟಿದ್ದೇನೆ. ನೋಡುವುದಕ್ಕೆ ಬಸುರಿ ಎಮ್ಮೆ ತರಹ ಇದೆ, ಆದರೆ ಹಾರುತ್ತದೆ. ಒತ್ತುಗಳ ಪಟ್ಟಿ ಒಳಗಿದೆ.

ನಿನ್ನ ಚಿಕ್ಕಮ್ಮ, ಅದೇ ಬೋಲ್ಟ್‌ನ ಹೆಂಡತಿ, ಮೊನ್ನೆ ಬಂದಿದ್ದಳು. ಕಂಪನಿಯವರು ಅಪಘಾತದ ವರದಿ ಕಳಿಸಿದ್ದಾರಂತೆ, ಭಾಷೆ ಅರ್ಥವಾಗುವುದಿಲ್ಲ, ಓದಿ ಹೇಳಿ ಅಂದಳು. ಕನ್ನಡಕ ಸಿಗಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ

*

ಮಾರ್ಚ್ 2

ಅಪ್ಪ,

ನಿಮ್ಮ ಕನ್ನಡಕ ನಿಮ್ಮ ಜೇಬಿನಲ್ಲೇ ಇರುತ್ತದೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ.

ಬಸುರಿ ಎಮ್ಮೆಯನ್ನು ಹಾರಿಸಿಲ್ಲ. ಹಾರಿಸುವುದೂ ಇಲ್ಲ. ಅದರ ಬದಲು ಹಳೆಯ ರಾಕೆಟ್ಟನ್ನು ಬಿಚ್ಚಿ ನೋಡುತ್ತಾ ಕುಳಿತೆ, ಚಿಕ್ಕಪ್ಪನನ್ನು ಕೊಂದದ್ದನ್ನು. ಇಷ್ಟು ದಿನ ನನ್ನ ಬೆರಳೇ ತಪ್ಪು ಮಾಡಿತು ಎಂದು ನಂಬಿದ್ದೆ. ಸ್ಪೇಸ್ ಬಾರ್ ಎರಡು ಸಲ ಒತ್ತಿರಬೇಕು, ಕೈ ಅಂಟಾಗಿತ್ತು, ಹೀಗೆಲ್ಲ ಲೆಕ್ಕ ಹಾಕುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಆಟ ಅಂತೀರಿ.

ಈಗ ನಿಮ್ಮ ಕಾಗದವನ್ನು ಒಂದು ಕೈಯಲ್ಲಿ ಹಿಡಿದು ಪರದೆಯನ್ನು ನೋಡಿದೆ. ಕಾಗದದಲ್ಲಿ ನಿಮ್ಮ ಅಕ್ಷರ: 'ನಾಲ್ಕನೆಯ ಒತ್ತು: ಕೋಶ ಎಂಜಿನ್ನಿನಿಂದ ಬೇರೆಯಾಗುತ್ತದೆ. ಐದನೆಯ ಒತ್ತು: ಪ್ಯಾರಾಚೂಟ್.' ರಾಕೆಟ್ಟಿನಲ್ಲಿ ಐದನೆಯ ಒತ್ತೇ ಇಲ್ಲ. ಎರಡನ್ನೂ ಸೇರಿಸಿ ನಾಲ್ಕನೆಯದರಲ್ಲಿ ಇಟ್ಟಿದ್ದೀರಿ. ಯಾಕೆಂದೂ ತಿಳಿಯಿತು: ಎಂಜಿನ್ ಬಿಡದೆ, ಉಳಿದ ಇಂಧನ ಉರಿಸುತ್ತಾ ವೇಗ ತಗ್ಗಿಸಿಕೊಂಡು ಕೆಳಗಿನವರೆಗೆ ಬಂದು, ಅಲ್ಲಿ ಕಳಚುವುದೂ ಬಿಚ್ಚುವುದೂ ಒಟ್ಟಿಗೇ ಆಗಲಿ ಎಂದು. ಜಾಣತನವೇ. ಆದರೆ ಅದನ್ನು ಕಾಗದದಲ್ಲಿ ತಿದ್ದಲಿಲ್ಲ. ನಾನು ಕಾಗದ ನಂಬಿ ಅಷ್ಟು ಎತ್ತರದಲ್ಲಿ ನಾಲ್ಕನೆಯದನ್ನು ಒತ್ತಿದೆ. ಚಿಕ್ಕಪ್ಪ ಕುಳಿತಿದ್ದ ಕೋಶ ಕಳಚಿತು, ಜೊತೆಗೇ ಪ್ಯಾರಾಚೂಟ್ ಬಿಚ್ಚಿತು, ಆ ವೇಗಕ್ಕೆ ಚಿಂದಿಯಾಗಿ ಹೋಯಿತು. ಆಮೇಲೆ ಐದು ಒತ್ತಿದೆ. ಐದು, ಐದು, ಐದು. ನೆಲ ಬರುವವರೆಗೂ ಒತ್ತಿದೆ.

ನೀವು ಬದಲಾಯಿಸಿದಿರಿ, ಹೇಳಲಿಲ್ಲ. ಕೆಟ್ಟದ್ದಕ್ಕೆ ನನ್ನನ್ನು ಅಳಲು ಬಿಟ್ಟಿರಿ. ಕೊನೆಗೆ ಎಂಟು ದಿನ ಅಳಿಸಿ, 'ನಿನಗೇನು ನಷ್ಟ' ಎಂದು ಕೇಳಿದಿರಿ. ಈ ಮೂರರಲ್ಲಿ ಯಾವುದಕ್ಕೆ ಹೆಚ್ಚು ವಾಕರಿಸಬೇಕೋ ತಿಳಿಯುತ್ತಿಲ್ಲ.

ಭಾನುವಾರ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಬಸ್ಸಿನಲ್ಲಿ ಎರಡು ಗಂಟೆ, ಆದರೂ ಹೋದೆ. ವರದಿ ಓದಿ ಹೇಳಿದ್ದು ನಾನು. 'ಮೃತನು ಮುಖ್ಯ ಸ್ವಿಚ್ ಆರಿಸದೆ ನಾಲ್ಕನೆಯ ಮಹಡಿಯ ಬಾಗಿಲು ತೆರೆದು ಕೆಲಸ ಮಾಡುತ್ತಿದ್ದುದು ಅಪಘಾತಕ್ಕೆ ಏಕೈಕ ಕಾರಣ.' ಚಿಕ್ಕಮ್ಮ ಕೇಳಿದರು: "ಅಂದ್ರೆ ಏನಮ್ಮಾ, ಅವರು ತಾವಾಗೇ ಹೋಗಿ ಬಿದ್ರು ಅಂತಾನಾ?" ನಾನು ವರದಿಯನ್ನು ಮಡಚಿದೆ. ಗೋಡೆಗೆ ನೇತುಹಾಕಿದ ಚಿಕ್ಕಪ್ಪನ ಪ್ಯಾಂಟಿನ ಜೇಬಿನಲ್ಲಿ, ಅವರಿಗೆ ಆ ಅಡ್ಡಹೆಸರು ತಂದ ಬೋಲ್ಟುಗಳು ಇನ್ನೂ ಹಾಗೇ ಇವೆ. ತೂಕಕ್ಕೆ ಪ್ಯಾಂಟು ಒಂದು ಕಡೆ ಜೋತಿದೆ.

ವರದಿಯ ಕೆಳಗೆ ಸಾಕ್ಷಿಯ ಸಹಿ ಇದೆ. ಆ ಸಹಿ ನನ್ನ ಶಾಲೆಯ ಎಲ್ಲ ಅಂಕಪಟ್ಟಿಗಳ ಮೇಲೂ ಇದೆ.

ಯಾಕೆ ಹಾಕಿದಿರಿ?

ಮಗಳು

*

ಮಾರ್ಚ್ 11

ಮಗಳೇ,

ಪೆನ್ ಡ್ರೈವ್ ಈ ಸಲ ಕಳಿಸುತ್ತಿಲ್ಲ. ಮಂಡಿ ನೋವು ಜಾಸ್ತಿ, ಕೂರಲು ಆಗುತ್ತಿಲ್ಲ. ಅವನು ಮೇನ್ ಸ್ವಿಚ್ ಆರಿಸಿರಲಿಲ್ಲ, ಅದು ನಿಜ. ನಿಜಕ್ಕೆ ಸಹಿ ಹಾಕಿದ್ದೇನೆ.

ಅಪ್ಪ

*

ಏಪ್ರಿಲ್ 9

ಅಪ್ಪ,

ತಿಂಗಳಾಯಿತು. ನಾನೂ ಬರೆಯಬಾರದೆಂದಿದ್ದೆ. ಆದರೆ ನಿನ್ನೆ ನಡೆದದ್ದನ್ನು ನಿಮಗಲ್ಲದೆ ಇನ್ನಾರಿಗೂ ಬರೆಯಲಾರೆ.

ನಾನು ಕತ್ತರಿ ಯಂತ್ರದ ಮೇಲಿದ್ದೆ. ಹೊಲಿದ ಪುಸ್ತಕಗಳು ಬರುತ್ತವೆ, ಮೂರು ಕಡೆ ಅಂಚು ಕತ್ತರಿಸಿ ಕಟ್ಟು ಮಾಡಬೇಕು. ಕೈಗೆ ಬಂದದ್ದು ನಿಮ್ಮ ಕಂಪನಿಯ ಪುಸ್ತಕ: 'ಸುರಕ್ಷತೆ ನಿಮ್ಮ ಕೈಯಲ್ಲಿ'. ಹದಿನಾರು ಪುಟ, ನುಣುಪು ಕಾಗದ. ಐದನೆಯ ಪುಟದಲ್ಲಿ ಒಂದು ವ್ಯಂಗ್ಯಚಿತ್ರ ಇದೆ, ಅಪ್ಪ. ದಪ್ಪ ಮೀಸೆಯ ಒಬ್ಬ ಪೆದ್ದ ಲಿಫ್ಟಿನ ಗುಂಡಿಗೆ ಬಗ್ಗಿ ಹಲ್ಲು ಕಿರಿಯುತ್ತಿದ್ದಾನೆ, ಜೇಬಿನಿಂದ ಬೋಲ್ಟುಗಳು ಉದುರುತ್ತಿವೆ. ತಲೆಯ ಮೇಲೆ ಲಿಫ್ಟ್ ಇಳಿಯುತ್ತಿದೆ. ಕೆಳಗೆ ಕೆಂಪಕ್ಷರದಲ್ಲಿ: 'ಈ ಅಣ್ಣನಂತಾಗಬೇಡಿ!'

ಆ ಆಶ್ಚರ್ಯಸೂಚಕ ಚಿಹ್ನೆಯನ್ನು ಹಾಕಿದ ಕೈ ಯಾರದೋ ನನಗೆ ಗೊತ್ತಿಲ್ಲ. ಬೋಲ್ಟಿನ ವಿಷಯ ಚಿತ್ರ ಬರೆದವನಿಗೆ ಹೇಳಿದವರು ಯಾರೆಂದೂ ಗೊತ್ತಿಲ್ಲ. ಪಕ್ಕದಲ್ಲೊಂದು ಚೌಕದೊಳಗೆ 'ನಮ್ಮ ಹಿರಿಯ ಮೆಕ್ಯಾನಿಕ್ ಹೇಳುತ್ತಾರೆ' ಎಂದಿದೆ. ಮಾತು ಇದು: 'ಇಪ್ಪತ್ತು ವರ್ಷ ಒಳ್ಳೆಯ ಕೆಲಸ ಮಾಡಿದವನೂ ಒಂದು ದಿನ ಉದಾಸೀನ ಮಾಡಿದರೆ ಮುಗಿಯಿತು.' ಹೆಸರಿಲ್ಲ. ಬೇಕಾಗಿಯೂ ಇಲ್ಲ. 'ಉದಾಸೀನ ಮಾಡಿದರೆ ಮುಗಿಯಿತು' ಎಂದು ನನ್ನ ಗಣಿತದ ಪುಸ್ತಕ ಹಿಡಿದುಕೊಂಡು ನೂರು ಸಲ ಅಂದಿದ್ದೀರಿ.

ಯಂತ್ರ ನಿಲ್ಲಿಸಿದೆ. ಮೇಸ್ತ್ರಿ ಓಡಿ ಬಂದರು. "ಏನಮ್ಮಾ, ಬೆರಳೇನಾದ್ರೂ ಸಿಕ್ಕಿಹಾಕ್ಕೊಂತಾ?"

"ಇಲ್ಲ ಸಾರ್. ಇದನ್ನ ಕತ್ತರಿಸಲ್ಲ ನಾನು."

"ಯಾಕೆ? ನಿನ್ನ ಕರಪತ್ರದವರು ಬೇಡ ಅಂದ್ರಾ?"

"ಈ ಚಿತ್ರದಲ್ಲಿರೋರು ನನ್ನ ಚಿಕ್ಕಪ್ಪ."

ಅವರು ಪುಟ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ಪುಟ ನೋಡಿದರು. "ಇಪ್ಪತ್ತನೇ ತಾರೀಕು ಸೋಮವಾರ ಮಧ್ಯಾಹ್ನ ಗಾಡಿ ಬರುತ್ತೆ. ಅಲ್ಲಿವರೆಗೂ ಬೇರೆ ಕೆಲಸ ಮೊದಲು ಮುಗಿಸ್ತೀನಿ. ಅಷ್ಟೇ ನನ್ನ ಕೈಲಾಗೋದು, ತಾಯಿ," ಎಂದರು. ಎರಡು ಸಾವಿರ ಪ್ರತಿಗಳು ಕಿಟಕಿಯ ಪಕ್ಕ ಅಂಚು ಕತ್ತರಿಸದೆ ಕುಳಿತಿವೆ. ಸೋಮವಾರ ಮಧ್ಯಾಹ್ನ ಹೊರಟರೆ ಆ ಪೆದ್ದನ ಮುಖ ಎರಡು ಸಾವಿರ ಜೇಬುಗಳಿಗೆ ಹೋಗುತ್ತದೆ. ಆಮೇಲೆ ಯಾರು ಏನು ಹೇಳಿದರೂ ಚಿಕ್ಕಪ್ಪ ಅದೇ ಆಗಿ ಉಳಿಯುತ್ತಾರೆ.

ಪುಸ್ತಕದ ಒಂಬತ್ತನೆಯ ಪುಟವನ್ನೂ ಓದಿದೆ. ಹಾಳಾದ ಹಾಳೆ ಓದುವುದು ನನ್ನ ಚಟ ತಾನೆ. 'ಬಾಗಿಲು ತೆರೆದಿರುವಾಗ ಲಿಫ್ಟ್ ಚಲಿಸದಂತೆ ಪ್ರತಿ ಬಾಗಿಲಿಗೂ ಬೀಗದ ಸಂಪರ್ಕ ಇರುತ್ತದೆ. ಅದನ್ನು ತಂತಿಯಿಂದ ತಪ್ಪಿಸಿದಲ್ಲಿ ಯಂತ್ರಕೋಣೆಯ ದಾಖಲೆ ಪುಸ್ತಕದಲ್ಲಿ ಕಡ್ಡಾಯವಾಗಿ ಬರೆಯತಕ್ಕದ್ದು.' ಮೂರು ಸಲ ಓದಿದೆ. ಚಿಕ್ಕಪ್ಪ ಬಾಗಿಲು ತೆರೆದೇ ಕೆಲಸ ಮಾಡುತ್ತಿದ್ದರು. ಬಾಗಿಲು ತೆರೆದಿದ್ದರೆ ಲಿಫ್ಟ್ ಚಲಿಸುವುದಿಲ್ಲ. ಹಾಗಾದರೆ ಅದು ಹೇಗೆ ಚಲಿಸಿತು?

ಅಪ್ಪ, ನಾಲ್ಕನೆಯ ಒತ್ತನ್ನು ಬದಲಿಸಿ ಕಾಗದದಲ್ಲಿ ತಿದ್ದದೆ ಕಳಿಸಿದವರು ನೀವು. ಆ ದಾಖಲೆ ಪುಸ್ತಕದಲ್ಲಿ ಬರೆದಿದ್ದಿರಾ?

ಇದಕ್ಕೆ ಮಂಡಿ ನೋವನ್ನು ಉತ್ತರವಾಗಿ ಕಳಿಸಬೇಡಿ.

ಮಗಳು

*

ಏಪ್ರಿಲ್ 14

ಮಗಳೇ,

ಬರೆದಿರಲಿಲ್ಲ.

ನಿನಗೆ ಒತ್ತುಗಳ ಪಟ್ಟಿ ಬರೆಯುವ ಹಾಗೆಯೇ ಬರೆಯುತ್ತೇನೆ. ಈ ಸಲ ಇರುವುದು ಇದ್ದ ಹಾಗೆ.

ಅವನು ಹೋಗುವ ಹಿಂದಿನ ದಿನ, ಶುಕ್ರವಾರ, ನಾಲ್ಕನೆಯ ಮಹಡಿಯ ಬಾಗಿಲ ಬೀಗ ಕೆಟ್ಟಿತ್ತು. ಲಿಫ್ಟ್ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಕಟ್ಟಡದವರು ಕೂಗಾಡಿದರು, ನಮ್ಮ ಮೇಲಿನವನು ಫೋನಿನಲ್ಲಿ "ಏನಾದ್ರೂ ಮಾಡಿ ಓಡಿಸ್ರೀ, ಹೊಸ ಬೀಗ ಸೋಮವಾರ ಬರುತ್ತೆ" ಎಂದ. ನಾನು ಯಂತ್ರಕೋಣೆಯ ಪ್ಯಾನೆಲ್‌ನಲ್ಲಿ ಬೀಗದ ಎರಡು ತುದಿಗೆ ತಂತಿ ಸೇರಿಸಿದೆ. ಬಾಗಿಲು ಮುಚ್ಚಿದೆ ಎಂದೇ ಲಿಫ್ಟ್ ತಿಳಿಯುತ್ತದೆ. ಎಲ್ಲರೂ ಮಾಡುತ್ತಾರೆ. ಪುಸ್ತಕದಲ್ಲಿ ಬರೆದರೆ ಲಿಫ್ಟ್ ನಿಲ್ಲಿಸಬೇಕಾಗುತ್ತದೆ ಎಂದು ಬರೆಯಲಿಲ್ಲ. ಸೋಮವಾರ ತೆಗೆದರಾಯಿತು ಅಂದುಕೊಂಡೆ.

ಬೀಗ ಶನಿವಾರವೇ ಬಂತು. ಬೋಲ್ಟ್ ಖುಷಿಯಾಗಿ ತಗೊಂಡು ಹೋದ. ಹೋಗುವ ಮುಂಚೆ ದಾಖಲೆ ಪುಸ್ತಕ ತೆಗೆದು ನೋಡಿದ. ನಾನು ಯಂತ್ರಕೋಣೆಯಲ್ಲಿ ಅಲ್ಲೇ ಇದ್ದೆ, ಗ್ರೀಸ್ ಹಚ್ಚುತ್ತಿದ್ದೆ. "ಏನೂ ಇಲ್ಲ ತಾನೆ?" ಎಂದ. ಮೋಟರಿನ ಸದ್ದಿಗೆ ಏನು ಕೇಳಿದನೋ ಗೊತ್ತಾಗಲಿಲ್ಲ, ಹ್ಞೂಂ ಅಂದೆ. ಬೀಗ ಬಂದದ್ದೇ ನನಗೆ ಗೊತ್ತಿರಲಿಲ್ಲ. ಮೇನ್ ಆರಿಸಬೇಕು ಎಂದು ನಿಯಮವಿದೆ, ಯಾರೂ ಆರಿಸುವುದಿಲ್ಲ, ಬಾಗಿಲು ತೆರೆದರೆ ಸಾಕು ಎನ್ನುತ್ತೇವೆ. ಅವನು ಬಾಗಿಲು ತೆರೆದ. ಕೆಳಗೆ ಯಾರೋ ಲಿಫ್ಟಿನ ಬಟನ್ ಒತ್ತಿದರು. ಮೇಲಿದ್ದ ಲಿಫ್ಟ್ ಇಳಿಯಿತು.

ಸದ್ದು ಕೇಳಿದ ತಕ್ಷಣ ನನಗೆ ತಿಳಿಯಿತು. ಇನ್ನು ಬರೆಯುವುದನ್ನು ನಿಮ್ಮಮ್ಮನಿಗೂ ಹೇಳಿಲ್ಲ. ಅವನ ಹತ್ತಿರ ಓಡುವ ಮೊದಲು ನಾನು ಪ್ಯಾನೆಲ್ ಹತ್ತಿರ ಹೋದೆ. ತಂತಿ ಕಿತ್ತು ಜೇಬಿಗೆ ಹಾಕಿಕೊಂಡೆ. ಆಮೇಲೆ ಮೆಟ್ಟಿಲು ಇಳಿದೆ. ಎಷ್ಟು ಹೊತ್ತಾಯಿತೋ, ಆ ಹೊತ್ತಿನಲ್ಲಿ ಅವನಿಗೆ ಜೀವ ಇತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.

ಮೇಲಿನವನು ಕೇಳಿದ, ಮೇನ್ ಆರಿಸಿದ್ನಾ? ಇಲ್ಲ ಎಂದೆ. ಅದನ್ನು ಬರೆದುಕೊಂಡು ಸಹಿ ತಗೊಂಡ. ಬೇರೆ ಏನೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ನನಗೆ ಸಮಾಧಾನವಾಯಿತು ನೋಡು, ಅವತ್ತಿಂದ ನನ್ನ ಮುಖ ನನಗೇ ಸೇರುವುದಿಲ್ಲ. ಆ ಸುರಕ್ಷತೆಯ ಪುಸ್ತಕಕ್ಕೆ ಎರಡು ಮಾತು ಕೇಳಲು ಒಬ್ಬಳು ಹುಡುಗಿ ಡಿಪೋಗೆ ಬಂದಿದ್ದಳು. ಯಾವುದಕ್ಕೆ ಎಂದು ಕೇಳದೆ ಹೇಳಿಬಿಟ್ಟೆ. ಚಿತ್ರ ಹಾಕುತ್ತಾರೆಂದು ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದೆನೇನೋ.

ಆಟದಲ್ಲಿ ಅವನು ಬಿದ್ದ ದಿನ ನೀನು ಕಳಿಸಿದ ಕಾಗದದಲ್ಲಿ 'ಐದು ಒತ್ತಿದೆ, ಏನೂ ಆಗಲಿಲ್ಲ, ನನ್ನದೇ ತಪ್ಪು' ಎಂದಿತ್ತು. ಪಟ್ಟಿ ತೆಗೆದು ನೋಡಿದೆ. ತಿದ್ದಿರಲಿಲ್ಲ. ಎರಡನೇ ಸಲ. ಹಳೆಯ ಪ್ರತಿ ಇತ್ತು, ಹಾಕಿದೆ. ಅಲ್ಲಾದರೂ ಇತ್ತು.

ಪೆನ್ ಡ್ರೈವ್ ಜೊತೆಗಿದೆ. ಅದರಲ್ಲಿ ನೂರ ಹನ್ನೆರಡನೆಯ ದಿನದ ಪ್ರತಿಯನ್ನು ವಾಪಸು ಹಾಕಿದ್ದೇನೆ. ಅವನ ಹೆಸರು ಸತ್ತವರ ಪಟ್ಟಿಯಲ್ಲಿದೆ. ಹಳೆಯ ಪ್ರತಿಯನ್ನು ಅಳಿಸಿದೆ. ನಾಲ್ಕನೆಯ ಒತ್ತಿನ ಪಟ್ಟಿಯನ್ನೂ ತಿದ್ದಿ ಇಟ್ಟಿದ್ದೇನೆ, ಈಗ ಉಪಯೋಗವಿಲ್ಲದಿದ್ದರೂ.

ತಂತಿ ನನ್ನ ಹತ್ತಿರವೇ ಇದೆ. ಮೊಳೆ ಹಾಕುವ ಡಬ್ಬಿಯ ತಳದಲ್ಲಿ. ಒಂದು ಗೇಣು, ಕೆಂಪು ಬಣ್ಣದ್ದು. ಲಿಫ್ಟ್ ಇನ್‌ಸ್ಪೆಕ್ಟರ್ ಕಚೇರಿ ನಿಮ್ಮ ಊರಿನಲ್ಲೇ ಅಲ್ಲವೇ? ನಾನು ಬರಬಹುದು. ಕೆಲಸ ಹೋಗುತ್ತದೆ, ಕೇಸೂ ಆಗಬಹುದು. ನಿಮ್ಮಮ್ಮನಿಗೆ ಇವತ್ತು ಹೇಳುತ್ತೇನೆ.

ನೀನು ಬರದಿದ್ದರೂ ಬರುತ್ತೇನೆ ಎಂದು ಬರೆಯಬೇಕು ಅನಿಸುತ್ತದೆ. ಕೈ ಬರುತ್ತಿಲ್ಲ. ನೀನು ಬಾ.

ಅಪ್ಪ

*

ಏಪ್ರಿಲ್ 16

ಅಪ್ಪ,

ಕಾಗದ ಇವತ್ತು ಮಧ್ಯಾಹ್ನ ತಲುಪಿತು. ಊಟಕ್ಕೆ ಕುಳಿತಿದ್ದೆ, ಡಬ್ಬಿ ಮುಚ್ಚಿ ಇಟ್ಟೆ.

ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಅದು ನನ್ನ ಕೈಯಲ್ಲಿಲ್ಲ, ಚಿಕ್ಕಮ್ಮನ ಕೈಯಲ್ಲಿದೆ. ನನಗೆ ಇನ್ನೂ ಹೇಸಿಗೆಯೇ. ಮೊದಲು ಪ್ಯಾನೆಲ್ ಹತ್ತಿರ ಹೋದೆ ಎಂಬ ಸಾಲಿನ ಮೇಲೆ ಬೆರಳಿಟ್ಟರೆ ಬೆರಳು ತೊಳೆಯಬೇಕು ಅನಿಸುತ್ತದೆ. ನನ್ನ ಕರಪತ್ರಗಳಲ್ಲಿ ಇಂಥವರನ್ನು ಏನು ಮಾಡಬೇಕೆಂದು ಚೆನ್ನಾಗಿ ಬರೆದಿದ್ದಾರೆ. ಅಂಥವರು ನಮ್ಮ ಅಪ್ಪನಾಗಿದ್ದರೆ ಏನು ಮಾಡಬೇಕೆಂದು ಎಲ್ಲೂ ಇಲ್ಲ. ನಿನ್ನೆಯವರೆಗೂ ಅವು ನನಗೆ ಸಾಕಾಗಿದ್ದವು.

ಆದರೆ ಆ ಸಾಲನ್ನು ನೀವು ಬರೆದಿರಿ. ಯಾರೂ ಕೇಳದೆ ಇದ್ದದ್ದನ್ನು ಬರೆದಿರಿ. ಅದೊಂದಕ್ಕೆ ಬರುತ್ತೇನೆ.

ಆಟ ತೆರೆದು ನೋಡಿದೆ. ನೂರ ಹನ್ನೆರಡನೆಯ ದಿನ. ನೋಟ್‌ಬುಕ್ಕಿನ ಗೀಟು ಈಗ ಸರಿಯಾಗಿದೆ. ಬಸುರಿ ಎಮ್ಮೆಯನ್ನು ಯಾರೂ ಒಳಗಿಲ್ಲದೆ ಹಾರಿಸಿದೆ, ನಿಮ್ಮ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು. ಆರು ಒತ್ತು, ಆರೂ ಬರೆದಂತೆ ಆದವು. ಮೆತ್ತಗೆ ಇಳಿಯಿತು. ಖುಷಿಯಾಗಲಿಲ್ಲ, ಆದರೂ ಬರೆದಿರುತ್ತೇನೆ.

ಮೇಸ್ತ್ರಿಗೆ ಹೇಳಿದ್ದೇನೆ. ಇನ್‌ಸ್ಪೆಕ್ಟರ್ ಕೈಯ ಒಂದು ಚೀಟಿ ಬಂದರೆ ಗಾಡಿಯನ್ನು ಬಾಗಿಲಲ್ಲೇ ತಿರುಗಿಸುತ್ತಾರಂತೆ. "ನಮ್ಮ ಗಿರಾಕಿ ಹೋದರೆ ನಿನ್ನ ಕರಪತ್ರದವರ ಹತ್ರ ಆರ್ಡರ್ ಕೊಡಿಸು," ಎಂದರು. ಮುಖದಲ್ಲಿ ನಗುವಿರಲಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿ ಕಚೇರಿಗೆ ಬನ್ನಿ ಎಂದಷ್ಟೇ ಅಂದೆ, ಬೇರೆ ಏನೂ ಹೇಳಿಲ್ಲ. ಬರುತ್ತಾರೆ, ಎದುರು ನಿಂತು ನೀವೇ ಹೇಳಬೇಕು, ಒಳಗೆ ಹೋಗುವ ಮೊದಲು. ಪ್ಯಾಂಟಿನ ಜೇಬಿನ ಬೋಲ್ಟುಗಳನ್ನೂ ತರುತ್ತೇನೆ ಎಂದರು, ಯಾಕೆಂದು ಕೇಳಲಿಲ್ಲ.

ಕಚೇರಿ ಮೂರನೆಯ ಮಹಡಿಯಲ್ಲಿದೆ. ಲಿಫ್ಟ್ ಇದೆ. ನಾವು ಮೆಟ್ಟಿಲು ಹತ್ತುತ್ತೇವೆ. ನಿಮ್ಮ ಮಂಡಿಗೆ ನನ್ನ ಭುಜ ಕೊಡುತ್ತೇನೆ, ಅದಕ್ಕಿಂತ ಹೆಚ್ಚೇನೂ ಅಂದುಕೊಳ್ಳಬೇಡಿ. ಕೆಂಪು ತಂತಿಯನ್ನು ಡಬ್ಬಿಯಲ್ಲೇ ತನ್ನಿ, ಒರೆಸಬೇಡಿ. ಕನ್ನಡಕ ಜೇಬಿನಲ್ಲಿರಲಿ. ಬರೆದದ್ದರಲ್ಲಿ ಏನಾದರೂ ಬದಲಿಸುವುದಿದ್ದರೆ ಮೊದಲೇ ತಿಳಿಸಿ, ಏಕೆಂದರೆ ನಾನು ಕಾಗದವನ್ನು ನಂಬಿ ಬರುತ್ತಿದ್ದೇನೆ.

ಇನ್‌ಸ್ಪೆಕ್ಟರ್ ಕಚೇರಿಯ ಹೊರಗೇಟು. ಏಪ್ರಿಲ್ 20, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ.

ಮಗಳು